ಮುನ್ನಾದಿನದ ಹೆಸರು: ಹ್ಯಾಲೋವೀನ್ ಮತ್ತು ಡಫಳಾಪುರ ಸೀಮೆಯ ಮಹಾನವಮಿ ಅಮಾಸಿ

ಅಕ್ಟೋಬರ್ 31ರ ಹ್ಯಾಲೋವೀನ್ ಇಂದು ಭೂತಪ್ರೇತಗಳ ವೇಷದ ಹಬ್ಬವಾಗಿ ಲೋಕಪ್ರಸಿದ್ಧವಾಗಿದೆ. ಆದರೆ ಆ ಹೆಸರಿನಲ್ಲಿ ಭೂತವೂ ಇಲ್ಲ, ಸತ್ತವರೂ ಇಲ್ಲ. ‘ಸಕಲ ಸಂತರ ಹಬ್ಬದ ಮುನ್ನಾ ಸಂಜೆ’ ಎಂಬ ಅರ್ಥದ ಮಾತು ಬಳಕೆಯಲ್ಲಿ ಸವೆದು ಹ್ಯಾಲೋವೀನ್ ಆಗಿದೆ. ನವೆಂಬರ್ 1 ಸಂತರ ದಿನ. ಮರುದಿನವನ್ನು ಅಗಲಿದ ಭಕ್ತರೆಲ್ಲರ ಸ್ಮರಣೆಗೆ ಮೀಸಲಿಟ್ಟವನು ಕ್ಲೂನಿ ಮಠದ ಒಡಿಲೋ, ಕಾಲ ಕ್ರಿ.ಶ. 1000ದ ಆಸುಪಾಸು.

ಇದರ ಮೂಲವು ಕೆಲ್ಟಿಕ್ ಜನರ ‘ಸೌವಿನ್’ ಹಬ್ಬದಲ್ಲಿದೆ, ಅದು ಸತ್ತವರ ಹಬ್ಬವಾಗಿತ್ತು ಎಂಬ ಮಾತನ್ನು ಜಾನ್ ರೀಸ್ ಮತ್ತು ಜೇಮ್ಸ್ ಫ್ರೇಜರ್ ಬೆಳೆಸಿದರು. ರೊನಾಲ್ಡ್ ಹಟನ್ 1996ರ ‘ದಿ ಸ್ಟೇಷನ್ಸ್ ಆಫ್ ದಿ ಸನ್’ ಗ್ರಂಥದಲ್ಲಿ ಇದನ್ನು ಒಪ್ಪುವುದಿಲ್ಲ. ಕ್ರಿ.ಶ. 800ರ ಸುಮಾರಿಗೆ ಐರ್ಲೆಂಡಿನ ಕ್ರೈಸ್ತರು ಸಂತರ ಹಬ್ಬವನ್ನು ಆಚರಿಸುತ್ತಿದ್ದುದು ಏಪ್ರಿಲ್ 20ರಂದು. ಹಾಗಿರುವಾಗ ನವೆಂಬರಿನ ತಿಥಿ ಕೆಲ್ಟಿಕ್ ನೆಲದಿಂದ ಬಂದಿತೆನ್ನುವುದು ಕಷ್ಟ. ಈಚಿನ ಆಚರಣೆಯನ್ನು ಕಂಡು ಪ್ರಾಚೀನ ಮೂಲವನ್ನು ಊಹಿಸುವುದು ಮೂಲಾನ್ವೇಷಕರ ಹಳೆಯ ಚಾಳಿ.

ಈ ಎಚ್ಚರವನ್ನಿಟ್ಟುಕೊಂಡು ನಮ್ಮ ಗಡಿಸೀಮೆಯ ಒಂದು ಹೆಸರನ್ನು ನೋಡಬಹುದು. ಎರಡು ಹಬ್ಬಗಳಿಗೂ ಸಂಬಂಧವಿದೆಯೆಂದಲ್ಲ; ಹೆಸರುಗಳು ನಡೆದುಕೊಳ್ಳುವ ಬಗೆ ಮಾತ್ರ ಒಂದೇ. ಡಫಳಾಪುರವು ಡಫಳೆ ಮನೆತನದ ಪುಟ್ಟ ಸಂಸ್ಥಾನವಾಗಿದ್ದು 1917ರಲ್ಲಿ ಜತ್ತ ಸಂಸ್ಥಾನದೊಳಗೆ ಸೇರಿತು. 1948ರಲ್ಲಿ ಜತ್ತವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಿಂದ ಅದು ಮಹಾರಾಷ್ಟ್ರದಲ್ಲಿದೆ. ಆಡಳಿತದ ಭಾಷೆ ಮರಾಠಿಯಾದರೂ ತಾಲ್ಲೂಕಿನ ಕನ್ನಡ ಮನೆಗಳ ತಿಥಿಗಣನೆ ಬಿಜಾಪುರ ಸೀಮೆಯದೇ.

ಭಾದ್ರಪದದ ಕೃಷ್ಣಪಕ್ಷ ಪಿತೃಗಳದು. ಸೂರ್ಯನು ಕನ್ಯಾರಾಶಿಗೆ ಬಂದಾಗ ಪಿತೃಲೋಕ ಬರಿದಾಗುತ್ತದೆ, ಹಸಿದ ಹಿರಿಯರು ಮನೆಬಾಗಿಲಿಗೆ ಬರುತ್ತಾರೆ, ಎಡೆ ಸಿಗದಿದ್ದರೆ ಸೂರ್ಯನು ವೃಶ್ಚಿಕಕ್ಕೆ ಹೋಗುವವರೆಗೂ ಕಾದು ಶಪಿಸಿ ಹೋಗುತ್ತಾರೆ ಎಂಬ ನಂಬಿಕೆ ಪುರಾಣ, ಧರ್ಮಶಾಸ್ತ್ರಗಳಲ್ಲಿದೆ. ಅಂಜಿಕೆಗೆ ಇಷ್ಟು ಸಾಕು. ಈ ಪಕ್ಷದ ಕೊನೆಯ ದಿನವನ್ನು ಶಾಸ್ತ್ರವು ಮಹಾಲಯವೆನ್ನುತ್ತದೆ, ಮರಾಠಿಯು ‘ಸರ್ವಪಿತ್ರೀ ಅಮಾವಾಸ್ಯಾ’ ಎನ್ನುತ್ತದೆ. ಉತ್ತರದ ಕನ್ನಡ ಮಾತ್ರ ಸತ್ತವರ ಸುದ್ದಿಯನ್ನೇ ಎತ್ತದೆ ‘ಮಹಾನವಮಿ ಅಮಾಸಿ’ ಎಂದು ಕರೆಯುತ್ತದೆ. ಅಂದರೆ, ಒಂಬತ್ತು ದಿನ ಮುಂದಿರುವ ಹಬ್ಬದ ಹೆಸರಿನಿಂದ.

ಇದು ಆಕಸ್ಮಿಕವಲ್ಲ. ಆಷಾಢದ ಅಮಾವಾಸ್ಯೆ ಮರಾಠಿಯಲ್ಲಿ ಅಂದು ಹಚ್ಚುವ ದೀಪದ್ದು. ಕನ್ನಡದಲ್ಲಿ ಮುಂಬರುವ ಪಂಚಮಿಯಿಂದಾಗಿ ‘ನಾಗರ ಅಮಾಸಿ’. ಶ್ರಾವಣದ್ದು ಮರಾಠಿಯಲ್ಲಿ ಅಂದಿನ ವ್ರತದಿಂದ ‘ಪಿಠೋರಿ’. ಕನ್ನಡದಲ್ಲಿ ಮುಂದಿನ ಚೌತಿಯಿಂದಾಗಿ ‘ಬೆನಕನ ಅಮಾಸಿ’. ಮೂರು ತಿಂಗಳೂ ಮರಾಠಿ ಆ ದಿನದ ಕೆಲಸವನ್ನು ಹೆಸರಿಸಿದರೆ, ಕನ್ನಡ ಮುಂದಿನ ಹಬ್ಬವನ್ನು ಹೆಸರಿಸುತ್ತದೆ. ಮಣ್ಣೆತ್ತಿನ ಅಮಾಸಿ, ಎಳ್ಳ ಅಮಾಸಿಗಳು ಈ ನಿಯಮಕ್ಕೆ ಹೊರತು, ನಿಜ. ಆದರೂ ಮಳೆಗಾಲದ ನಡುವಿನಿಂದ ಶರತ್ಕಾಲದವರೆಗಿನ ಈ ಸಾಲು ಸ್ಪಷ್ಟವಾಗಿದೆ.

ಮಂಡ್ಯ, ಮೈಸೂರುಗಳ ಕಡೆ ನೋಡಿದರೆ ಇದೇ ಹೆಸರು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ‘ಮಾರ್ಲಮಿ’ ಎಂದರೆ ಹಿರಿಯರಿಗೆ ಎಡೆಯಿಡುವ ಹಬ್ಬವೇ. ಮಹಾನವಮಿಯು ಮಾರ್ನವಮಿಯಾಗಿ, ಮಾರ್ಲಮಿಯಾಗಿ, ತನ್ನ ನವಮಿಯನ್ನೇ ಮರೆತಿದೆ. ಮುನ್ನಾದಿನವು ಹಬ್ಬದ ಹೆಸರನ್ನು ನುಂಗಿದೆ, ಹ್ಯಾಲೋವೀನ್ ಸಂತರ ಹಬ್ಬವನ್ನು ನುಂಗಿದ ಹಾಗೆ. ವಿಜಯನಗರದ ಮಹಾನವಮಿಯನ್ನು 1443ರಲ್ಲಿ ಅಬ್ದುರ್ ರಜಾಕ್, 1520ರ ಸುಮಾರಿಗೆ ಡೊಮಿಂಗೊ ಪಾಯೆಸ್ ವರ್ಣಿಸಿದ್ದಾರೆ. ರಾಜ್ಯವೇ ನೆರೆಯುತ್ತಿದ್ದ ಹಬ್ಬವದು. ಅಷ್ಟು ದೊಡ್ಡ ಹಬ್ಬವು ತನ್ನ ಹಿಂದಿನ ಕತ್ತಲೆಗೂ ಹೆಸರು ಕೊಟ್ಟುದರಲ್ಲಿ ಆಶ್ಚರ್ಯವಿಲ್ಲ. ಜತ್ತ ಸೀಮೆಯ ರೂಪದಲ್ಲಿ ನವಮಿ ಬೇರೆ, ಅದರ ಅಮಾಸಿ ಬೇರೆ. ಆದ್ದರಿಂದ ಮಾರ್ಲಮಿಗಿಂತ ಹಿಂದಿನ ಘಟ್ಟವನ್ನು ಅದು ಉಳಿಸಿಕೊಂಡಿದೆಯೆಂದು ನನ್ನ ಎಣಿಕೆ.

ಈ ಹೆಸರಿಗೆ ಇನ್ನೊಂದು ಗುಣವಿದೆ. ಲಿಂಗಾಯತ ಸಿದ್ಧಾಂತದಂತೆ ಮಡಿದವರು ಲಿಂಗೈಕ್ಯರು; ಅವರು ಪ್ರೇತವಾಗುವುದಿಲ್ಲ, ಪಿಂಡವನ್ನೂ ಬಯಸುವುದಿಲ್ಲ. ಅಂಥವರಿಗೆ ‘ಸರ್ವಪಿತ್ರೀ’ ಎನ್ನುವುದು ಒಪ್ಪದ ಕರ್ಮದ ಹೆಸರು. ‘ಮಹಾನವಮಿ ಅಮಾಸಿ’ಯಾದರೆ ಶ್ರಾದ್ಧ ಮಾಡುವವರಿಗೂ ಮಾಡದವರಿಗೂ ಸಲ್ಲುತ್ತದೆ. ಇದೇ ತಾಲ್ಲೂಕಿನ ಗುಡ್ಡಾಪುರದಲ್ಲಿ ದಾನಮ್ಮನ ಜಾತ್ರೆ ನೆರೆಯುವುದೂ ಕಾರ್ತಿಕದ ‘ಛಟ್ಟಿ ಅಮಾಸಿ’ಗೆ, ಅಮಾವಾಸ್ಯೆಗಳ ಕನ್ನಡ ಹೆಸರುಗಳು ಇಲ್ಲಿ ಜಾತಿಮತಗಳನ್ನು ದಾಟಿದ ಲೆಕ್ಕಾಚಾರ.

ಗೋಡೆಗೆ ತೂಗುಹಾಕುವ ಮರಾಠಿ ದಿನದರ್ಶಿಕೆಯಲ್ಲಿ ಕಾರಹುಣ್ಣಿಮೆಯ ಚೌಕಕ್ಕೆ ‘ಕರ್ನಾಟಕಿ ಬೇಂದೂರ’ ಎಂಬ ನಮೂದು ಇರುತ್ತದೆ. ಎತ್ತುಗಳ ಹಬ್ಬವನ್ನು ಕನ್ನಡಿಗರು ಒಂದು ತಿಂಗಳು ಮೊದಲೇ ಮಾಡುತ್ತಾರೆಂಬುದನ್ನು ಮುದ್ರಕರು ಒಪ್ಪಿಕೊಂಡಿದ್ದಾರೆ. ಭಾದ್ರಪದ ಅಮಾವಾಸ್ಯೆಯ ಚೌಕದಲ್ಲಿ ಸಾಮಾನ್ಯವಾಗಿ ‘ಸರ್ವಪಿತ್ರೀ’ ಒಂದೇ. ಹೊಲದ ಕೆಲಸದ ದಿನ ತಪ್ಪಿದರೆ ತೊಡಕಾಗುತ್ತದೆ, ಆದ್ದರಿಂದ ಅದಕ್ಕೆ ನಮೂದು ದೊರೆಯಿತು; ಇಲ್ಲಿ ಎರಡು ಭಾಷೆಗಳಿಗೂ ದಿನ ಒಂದೇ, ಹೆಸರು ಮಾತ್ರ ಬೇರೆ.