ಏರುತಗ್ಗಿನ ನೆಲ, ಒತ್ತಿ ಇಳಿಸುವ ಕಂಬ

ಹರಪನಹಳ್ಳಿ, ಹಡಗಲಿ, ಕೊಟ್ಟೂರು ಸೀಮೆಯಲ್ಲಿ ಮನೆ ಕಟ್ಟಿಸಲು ಹೊರಟವರು ಮೊದಲು ತಿಳಿಯಬೇಕಾದದ್ದು ಒಂದೇ: ನೆಲ ಎರೆಯೋ, ಮಸಾರಿಯೋ? ಎರೆಯಾದರೆ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಗೋಡೆಯ ಮೂಲೆಗಳಲ್ಲಿ ಓರೆ ಬಿರುಕು ಬಿಡಿಸುವುದು ಈ ಹಿಗ್ಗು ಕುಗ್ಗೇ. ನೀಲಗುಂದದಿಂದ ಕೂಡ್ಲಿಗಿಯ ಗುಡೇಕೋಟೆ ಕಡೆಗೆ ಹೋದರೆ ಗ್ರಾನೈಟ್ ಬಂಡೆಗುಂಡುಗಳು ಮೇಲೆದ್ದೇ ನಿಂತಿವೆ. ಇಂಥ ನೆಲದಲ್ಲಿ ಪೈಲ್, ಅಂದರೆ ಅಡಿಪಾಯದ ಕಂಬ, ಇಳಿಸುವ ಯಂತ್ರಕ್ಕೆ ಎರಡು ತೊಡಕು: ಮೇಲೆ ಕಾಣುವ ಏರುತಗ್ಗು, ಕೆಳಗೆ ಕಾಣದ ಏರುತಗ್ಗು. ಮೊದಲನೆಯದನ್ನು ಯಂತ್ರಗಳು ಬಹುಮಟ್ಟಿಗೆ ಗೆದ್ದಿವೆ. ಎರಡನೆಯದು ಈಗಲೂ ಮಣ್ಣು ಪರೀಕ್ಷೆಯ ಕೆಲಸವೇ ಎಂದು ನಾನು ಖಚಿತವಾಗಿ ನಂಬಿದ್ದೇನೆ.

ಪೈಲ್ ವಿದ್ಯೆ ಬಹುಕಾಲ ಹೊಡೆತದ ವಿದ್ಯೆಯಾಗಿತ್ತು. 1840ರ ದಶಕದಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್ ಹಡಗುಕಟ್ಟೆಯಲ್ಲಿ ಜೇಮ್ಸ್ ನ್ಯಾಸ್ಮಿತ್‌ನ ಉಗಿ ಸುತ್ತಿಗೆ ಕೆಲಸಕ್ಕಿಳಿಯಿತು, ಮುಂದಿನ ಶತಮಾನದಲ್ಲಿ ಡೀಸೆಲ್ ಸುತ್ತಿಗೆ ಬಂತು. ಸದ್ದು ಮತ್ತು ನಡುಕ ಊರೊಳಗೆ ಸಹಿಸಲಾಗದೆ ಹೋದಾಗ ಒತ್ತಿ ಇಳಿಸುವ ಆಲೋಚನೆಗೆ ಬೆಲೆ ಬಂತು. ಆದರೆ ಕಂಬವನ್ನು ಕೆಳಕ್ಕೆ ಒತ್ತಿದರೆ ಯಂತ್ರ ಮೇಲಕ್ಕೇಳುತ್ತದೆ. ಅದನ್ನು ಹಿಡಿದಿಡುವುದು ಯಾವುದು?

ಜಪಾನಿನ ಕೊಚಿಯಲ್ಲಿ ಗಿಕೆನ್ ಸಂಸ್ಥೆ ಕಟ್ಟಿದ ಅಕಿಯೊ ಕಿತಾಮುರಾ 1975ರಲ್ಲಿ ಒಂದು ಉತ್ತರ ಕೊಟ್ಟರು. ಅವರ ಯಂತ್ರ ಆಗಲೇ ನೆಲಕ್ಕಿಳಿದ ಕಂಬಗಳನ್ನು ಕಚ್ಚಿ ಹಿಡಿದು, ಅವುಗಳ ಬಿಗಿತದ ಆಸರೆಯಲ್ಲಿ ಹೊಸ ಕಂಬವನ್ನು ಒತ್ತುತ್ತದೆ, ಆಮೇಲೆ ಕಂಬಗಳ ತಲೆಯ ಮೇಲೆಯೇ ಮುಂದಕ್ಕೆ ಸರಿಯುತ್ತದೆ. ಸಾಲು ಶುರುವಾದ ಮೇಲೆ ನೆಲ ಇಳಿಜಾರಾಗಿರಲಿ, ನೀರೇ ಇರಲಿ, ಯಂತ್ರಕ್ಕೆ ಅದರ ಹಂಗಿಲ್ಲ. ಏರುತಗ್ಗಿಗೆ ಇದಕ್ಕಿಂತ ಚೊಕ್ಕ ಪರಿಹಾರವನ್ನು ನಾನು ಕಂಡಿಲ್ಲ. ಆದರೆ ಇದು ಒತ್ತಾಗಿ ಸಾಲುಗಟ್ಟುವ ಕಂಬಗಳಿಗೆ, ದಂಡೆಗೋಡೆಯಂಥ ಕೆಲಸಕ್ಕೆ ಒಪ್ಪುವಂಥದ್ದು. ಅಲ್ಲೊಂದು ಇಲ್ಲೊಂದು ಕಂಬ ಬೇಕಾದ ಕಟ್ಟಡಕ್ಕೆ ಹೊಂದುವುದಿಲ್ಲ.

ಚೀನಾದಲ್ಲಿ ಬೆಳೆದ ಯಂತ್ರ ತನ್ನ ತೂಕವನ್ನೇ ನೆಚ್ಚಿತು. ಕಬ್ಬಿಣದ ಗಟ್ಟಿಗಳನ್ನು ಹೇರಿ ನೂರಾರು ಟನ್ ಭಾರ ಮಾಡುತ್ತಾರೆ. ಅದಕ್ಕೆ ಗಾಲಿಯಿಲ್ಲ. ಉದ್ದಕ್ಕೆ ಎರಡು ಉಕ್ಕಿನ ಪಾದ, ಅಡ್ಡಕ್ಕೆ ಗಿಡ್ಡ ಪಾದ, ನಾಲ್ಕು ಮೂಲೆಗೆ ಹೈಡ್ರಾಲಿಕ್ ಕಾಲು. ಕಾಲು ಚಾಚಿದರೆ ಒಡಲು ಉದ್ದ ಪಾದಗಳ ಮೇಲೆ ಎದ್ದು ಮುಂದೆ ಜಾರುತ್ತದೆ. ಕಾಲು ಮಡಿಸಿದರೆ ಗಿಡ್ಡ ಪಾದ ನೆಲ ಹಿಡಿಯುತ್ತದೆ, ಉದ್ದ ಪಾದ ಮೇಲೆದ್ದು ಮುಂದಕ್ಕೆ ಬರುತ್ತದೆ. ನಾಲ್ಕು ಕಾಲನ್ನೂ ಬೇರೆ ಬೇರೆಯಾಗಿ ಆಡಿಸಬಹುದು. ತಗ್ಗಿನ ಕಡೆಯ ಕಾಲನ್ನು ಹೆಚ್ಚು ಚಾಚಿ, ರಸಮಟ್ಟ ನೋಡಿ ಒಡಲನ್ನು ಸಮ ಮಾಡುತ್ತಾರೆ. ಹೊಸ ಯಂತ್ರಗಳಲ್ಲಿ ಓರೆ ಅಳೆಯುವ ಸಂವೇದಕಗಳೂ ಇವೆ.

ಒಮ್ಮೆ ಸಮ ಮಾಡಿದರೆ ಮುಗಿಯಲಿಲ್ಲ. ಜೋರಾಗಿ ಒತ್ತುವಾಗ ಯಂತ್ರದ ತೂಕ ಬಹುಪಾಲು ಕಂಬದ ಮೇಲಿರುತ್ತದೆ. ಹಿಡಿತ ಸಡಿಲಿಸಿದ ಕೂಡಲೇ ಅಷ್ಟೂ ಭಾರ ಪಾದಗಳ ಮೂಲಕ ನೆಲಕ್ಕೆ ಮರಳುತ್ತದೆ. ನೆಲದ ಒಂದು ಮಗ್ಗುಲು ಮೆತ್ತಗಿದ್ದರೆ ಪ್ರತಿ ಒತ್ತಿಗೂ ಅಲ್ಲಿ ಇಷ್ಟಿಷ್ಟೇ ಕುಸಿಯುತ್ತದೆ. ನಮ್ಮ ಐಎಸ್ 2911 ಸಂಹಿತೆ ನೆಟ್ಟಗಿನ ಪೈಲ್‌ಗೆ ಬಿಡುವ ಓರೆ ಶೇ. 1.5, ಅಂದರೆ 10 ಮೀಟರಿಗೆ 15 ಸೆಂಟಿಮೀಟರ್. ಪಾದಗಳ ನಡುವೆ 8 ಮೀಟರ್ ಅಂತರವಿದ್ದು ಒಂದು ಕಡೆ 12 ಸೆಂಟಿಮೀಟರ್ ಕುಸಿದರೆ ಆ ಮಿತಿ ಅಲ್ಲಿಗೇ ಮುಟ್ಟಿತು. ಅರ್ಧ ಇಳಿದ ಕಾಂಕ್ರೀಟ್ ಕಂಬವನ್ನು ಯಂತ್ರದಿಂದ ಎಳೆದು ನೆಟ್ಟಗೆ ಮಾಡಹೊರಟರೆ ಅದು ಸೀಳುತ್ತದೆ. ಆದ್ದರಿಂದ ಗರಸು ಹಾಸಿ, ರೋಲರ್ ಹೊಡೆದು, ಬೇಕಾದರೆ ಉಕ್ಕಿನ ತಗಡು ಹಾಕಿ ನೆಲ ಸಿದ್ಧ ಮಾಡಿಕೊಳ್ಳಬೇಕು. ಪೈಲಿಂಗ್ ಯಂತ್ರ ನಿಲ್ಲುವ ಇಂಥ ಹಾಸಿಗೆ ಹೇಗಿರಬೇಕೆಂದು ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರತ್ಯೇಕ ಕೈಪಿಡಿಯನ್ನೇ ತಂದಿತು. ಹಸಿ ಎರೆಯ ಮೇಲೆ ಈ ಕೆಲಸಕ್ಕೆ ಜಿಪುಣತನ ಮಾಡುವುದು ಅಪಾಯ.

ಇನ್ನು ನೆಲದೊಳಗಿನ ಮಾತು. ಹುಗಿದ ಬಂಡೆಗುಂಡಿಗೆ ಕಂಬದ ತುದಿ ತಾಗಿದರೆ ಒತ್ತಡದ ಮುಳ್ಳು ಸರ್ರನೆ ಏರುತ್ತದೆ. ಗಟ್ಟಿ ಬಂಡೆ ಸಿಕ್ಕಿತೆಂದು ನಿಲ್ಲಿಸಿದರೆ, ಗುಂಡಿನ ಕೆಳಗೆ ಸಡಿಲ ಮಣ್ಣೇ ಇರಬಹುದು. ಮೊದಲೇ ಕೊರೆದು ಒತ್ತುವ, ಕೊರೆಯುತ್ತಲೇ ಒತ್ತುವ ವಿಧಾನಗಳು ಬಂದಿವೆ. ಆದರೂ ಎಲ್ಲಿ ಕೊರೆಯಬೇಕೆಂದು ಹೇಳುವುದು ಬೋರ್ ಹಾಕಿ ತೆಗೆದ ಮಣ್ಣಿನ ಮಾದರಿಯೇ.

ಎರೆ ನೆಲಕ್ಕೆ ಭಾರತದಲ್ಲಿ ಬೆಳೆದ ದಾರಿ ಬೇರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ ದಿನೇಶ್ ಮೋಹನ್ ಮತ್ತು ಸಂಗಡಿಗರು ಬುಡದಲ್ಲಿ ಗಡ್ಡೆಯಿರುವ ಪೈಲನ್ನು ರೂಢಿಗೆ ತಂದರು. ಬೈರಿಗೆಯಿಂದ ಕುಳಿ ಕೊರೆದು, ಛತ್ರಿಯಂತೆ ಬಿಚ್ಚಿಕೊಳ್ಳುವ ಅಲಗುಗಳಿಂದ ತಳವನ್ನು ಸಾಮಾನ್ಯವಾಗಿ ಎರಡೂವರೆ ಪಟ್ಟು ಅಗಲಿಸಿ, ಕಂಬಿ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಆಳವಾದ ಎರೆಯಲ್ಲಿ ಕನಿಷ್ಠ 3.5 ಮೀಟರ್ ಇಳಿಯಬೇಕು. ಮೇಲಿನ ಮಣ್ಣು ಉಬ್ಬಿ ಕಂಬವನ್ನು ಎತ್ತಹೊರಟರೂ, ಋತುಮಾನ ಮುಟ್ಟದ ಆಳದಲ್ಲಿ ಗಡ್ಡೆ ಹಿಡಿದುಕೊಳ್ಳುತ್ತದೆ.

ನೀಲಗುಂದದಂಥ ಊರಿನ ಮನೆ, ಶಾಲೆ, ಗೋದಾಮಿಗೆ ನಾನು ಇದನ್ನೇ ಒಪ್ಪುತ್ತೇನೆ. ಒತ್ತುವ ಯಂತ್ರವನ್ನು ಬಿಚ್ಚಿ, ಟ್ರೇಲರುಗಳಲ್ಲಿ ತಂದು, ಕ್ರೇನಿನಿಂದ ಜೋಡಿಸಬೇಕು. ನೂರಾರು ಕಂಬಗಳ ಕೆಲಸವಿದ್ದರೆ ಮಾತ್ರ ಆ ಖರ್ಚು ದಕ್ಕುತ್ತದೆ. ಕೈಬೈರಿಗೆ, ಅಲಗು, ಮುಕ್ಕಾಲಿಯನ್ನು ಒಂದು ಟ್ರ್ಯಾಕ್ಟರಿನಲ್ಲಿ ಹೊಲದ ದಾರಿಯಲ್ಲೇ ಒಯ್ಯಬಹುದು.