‘ಮಾತ್ರೆ ಹಿಡಿಯಲಿಲ್ಲ’ ಎಂಬ ಸಾಕ್ಷ್ಯ: ಅರಸೀಕೆರೆ ಸೀಮೆಯ ಮಧುಮೇಹಿಗಳೂ ಶಿಶ್ನ ಇಂಪ್ಲಾಂಟಿನ ನಿರ್ಧಾರವೂ

ನಿಮಿರು ದೌರ್ಬಲ್ಯದ ಚಿಕಿತ್ಸೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕೆಂಬುದು ಬಹುಕಾಲದ ಕ್ರಮ. ಮೊದಲು ಮಾತ್ರೆ, ಅದು ಹಿಡಿಯದಿದ್ದರೆ ಶಿಶ್ನಕ್ಕೇ ಚುಚ್ಚುವ ಇಂಜೆಕ್ಷನ್ ಅಥವಾ ನಿರ್ವಾತ ಪಂಪು, ಯಾವುದೂ ಆಗದಿದ್ದಾಗ ಶಸ್ತ್ರಚಿಕಿತ್ಸೆ. ಅಮೆರಿಕನ್ ಯುರಾಲಜಿಕಲ್ ಅಸೋಸಿಯೇಷನ್ 2018ರ ಮಾರ್ಗಸೂಚಿಯಲ್ಲಿ ಈ ಕ್ರಮವನ್ನು ಕೈಬಿಟ್ಟಿತು. ವೈದ್ಯಕೀಯವಾಗಿ ಅಡ್ಡಿಯಿಲ್ಲದ ಎಲ್ಲ ದಾರಿಗಳನ್ನೂ ರೋಗಿಯ ಮುಂದಿಡಬೇಕು, ಅವನೂ ವೈದ್ಯರೂ ಕೂಡಿ ಯಾವುದರಿಂದ ಬೇಕಾದರೂ ಆರಂಭಿಸಬಹುದು ಎಂಬುದು ಅದರ ನಿಲುವು. ರೋಗಿಯನ್ನು ವಿವೇಕವುಳ್ಳ ವಯಸ್ಕನೆಂದು ಕಾಣುವ ಈ ನಿಲುವಿನ ಆಶಯ ನನಗೂ ಒಪ್ಪಿಗೆ. ಆದರೆ ಅದನ್ನು ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯ ಮಧುಮೇಹಿಗೆ ಹಾಗೆಯೇ ಅನ್ವಯಿಸಿದರೆ ಒಂದು ಮುಖ್ಯ ಕೊಂಡಿ ಕಳಚಿಹೋಗುತ್ತದೆ ಎಂಬುದು ಈ ಲೇಖನದ ವಾದ.

ಹಿನ್ನೆಲೆಯನ್ನು ವಿಸ್ತರಿಸಬೇಕಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಕ್ಲೈಬ್ಯದ (ನಪುಂಸಕತ್ವದ) ನಾಲ್ಕು ಬಗೆಗಳನ್ನು ಹೇಳುತ್ತದೆ. ಧ್ವಜಭಂಗ ಅವುಗಳಲ್ಲೊಂದು, ಮುಪ್ಪಿನಿಂದ ಬರುವುದು ಇನ್ನೊಂದು. ಸುಶ್ರುತ ಆರು ಬಗೆ ಎಣಿಸಿ, ಹುಟ್ಟಿನಿಂದ ಬಂದದ್ದು ಮತ್ತು ಮರ್ಮಚ್ಛೇದದಿಂದ (ಮರ್ಮಸ್ಥಾನ ಕತ್ತರಿಸಿಹೋದದ್ದರಿಂದ) ಬಂದದ್ದು ಎರಡನ್ನು ಅಸಾಧ್ಯವೆಂದು ಬದಿಗಿಟ್ಟ. ಔಷಧಿಯ ಆಳ್ವಿಕೆ ಎಲ್ಲಿಗೆ ಮುಗಿಯುತ್ತದೆಂದು ಗೆರೆ ಎಳೆದ ಆ ವಿವೇಚನೆ ಇಂದಿಗೂ ಬೆಲೆಯುಳ್ಳದ್ದು, ಏಕೆಂದರೆ ಇಂದಿನ ಶಸ್ತ್ರಚಿಕಿತ್ಸೆ ಕಾಲಿಟ್ಟದ್ದು ಆ ಗೆರೆಯಾಚೆಗೇ. ರಷ್ಯದ ಬೊಗೊರಾಸ್ 1936ರಲ್ಲಿ ಪಕ್ಕೆಲುಬಿನ ಮೃದ್ವಸ್ಥಿಯನ್ನು ಬಳಸಿದ. 1966ರಲ್ಲಿ ಬೆಹೆರಿ ಪಾಲಿಥಿನ್ ಕಡ್ಡಿಗಳನ್ನು ಶಿಶ್ನದ ಒಳಕೋಶಗಳಲ್ಲೇ ಇಟ್ಟ. 1973ರಲ್ಲಿ ಸ್ಕಾಟ್, ಬ್ರಾಡ್ಲಿ ಮತ್ತು ಟಿಮ್ ದ್ರವ ತುಂಬಿ ಉಬ್ಬಿಸುವ ಸಾಧನವನ್ನೂ, 1975ರಲ್ಲಿ ಸ್ಮಾಲ್ ಮತ್ತು ಕ್ಯಾರಿಯನ್ ಅರೆಗಡಸು ಸಾಧನವನ್ನೂ ಪ್ರಕಟಿಸಿದರು. 1982ರಲ್ಲಿ ವಿರಾಗ್ ಪಪಾವರಿನ್ ಇಂಜೆಕ್ಷನ್ ತಂದ. 1998ರಲ್ಲಿ ಸಿಲ್ಡೆನಾಫಿಲ್ ಮಾತ್ರೆ ಬಂತು. ಕನ್ನಡದಲ್ಲಿ ದಾಂಪತ್ಯದ ವಿಷಯಗಳನ್ನು ಮನೆಮನೆಯಲ್ಲಿ ಓದಬಹುದಾದ ಭಾಷೆಗೆ ತಂದ ಕೀರ್ತಿ ಅನುಪಮಾ ನಿರಂಜನರ ‘ದಾಂಪತ್ಯ ದೀಪಿಕೆ’ಯದು. ಆದರೆ ಮಧುಮೇಹ ಹಳ್ಳಿಗೂ ಇಳಿದ ಮೇಲೆ ಹುಟ್ಟಿದ ಪ್ರಶ್ನೆಗಳಿಗೆ ಕನ್ನಡದ ವೈದ್ಯಸಾಹಿತ್ಯದಲ್ಲಿ ಇನ್ನೂ ಸಾಕಷ್ಟು ಜಾಗ ಸಿಕ್ಕಿಲ್ಲ.

ಇಂಪ್ಲಾಂಟ್ ಏನು ಮಾಡುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ತಪ್ಪು ನಿರೀಕ್ಷೆಗಳು ಹುಟ್ಟುವುದೇ ಇಲ್ಲಿ. ಮೂರು ಭಾಗದ ಸಾಧನದಲ್ಲಿ ಎರಡು ಸಿಲಿಂಡರುಗಳು ಶಿಶ್ನದೊಳಗೆ, ಉಪ್ಪುನೀರಿನ ಒಂದು ಪುಟ್ಟ ಚೀಲ ಕೆಳಹೊಟ್ಟೆಯಲ್ಲಿ, ಹಿಸುಕುವ ಪಂಪು ವೃಷಣಚೀಲದಲ್ಲಿ ಕೂರುತ್ತವೆ. ಪಂಪನ್ನು ಹಲವು ಬಾರಿ ಒತ್ತಿದರೆ ಚೀಲದ ನೀರು ಸಿಲಿಂಡರಿಗೆ ಹರಿದು ಗಡಸುತನ ಬರುತ್ತದೆ. ಬಿಡುಗುಂಡಿ ಒತ್ತಿದರೆ ನೀರು ಹಿಂದಿರುಗುತ್ತದೆ. ಅರೆಗಡಸು ಬಗೆಯಲ್ಲಿ ನೀರೂ ಇಲ್ಲ, ಪಂಪೂ ಇಲ್ಲ. ಬಾಗಿಸಬಹುದಾದ ಎರಡು ಕಡ್ಡಿಗಳನ್ನು ಬೇಕಾದಾಗ ಮೇಲೆತ್ತಿ, ಬೇಡವಾದಾಗ ಕೆಳಗೆ ಮಡಿಸಿಕೊಳ್ಳಬೇಕು. ಎರಡೂ ಕೊಡುವುದು ಗಡಸುತನವನ್ನು ಮಾತ್ರ. ಆಸೆ, ಸ್ಪರ್ಶದ ಅರಿವು, ಸ್ಖಲನ ಇವು ಮೊದಲು ಹೇಗಿದ್ದವೋ ಬಹುಮಟ್ಟಿಗೆ ಹಾಗೆಯೇ ಇರುತ್ತವೆ. ಉದ್ದ ಹೆಚ್ಚುವುದಿಲ್ಲ, ಕಡಿಮೆಯಾಯಿತೆಂದು ಹೇಳುವವರೇ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಕಡ್ಡಿ ಕೂರಿಸಲು ಒಳಗಿನ ಸ್ಪಂಜಿನಂಥ ಅಂಗಾಂಶವನ್ನು ಅಗಲಿಸಿ ಜಾಗ ಮಾಡುವುದರಿಂದ ಸಹಜ ನಿಮಿರುವಿಕೆ ಮರಳಿ ಬರುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ. ಮುಂದೆ ಸಾಧನ ಕೆಟ್ಟರೆ ಇನ್ನೊಂದು ಸಾಧನವೇ ಗತಿ, ಮಾತ್ರೆಯಲ್ಲ.

ಕರ್ನಾಟಕದ ಸಾಕ್ಷ್ಯ ಚದುರಿದೆಯಾದರೂ ಇಲ್ಲವೆನ್ನುವಂತಿಲ್ಲ. ಮೈಸೂರಿನ ಟಿ. ಎಸ್. ಸತ್ಯನಾರಾಯಣ ರಾವ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಗ್ರಾಮೀಣ ಜನಸಮುದಾಯವನ್ನು ಸಮೀಕ್ಷಿಸಿ 2015ರಲ್ಲಿ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರಲ್ಲಿ ನಿಮಿರು ದೌರ್ಬಲ್ಯದ ಪ್ರಮಾಣ ಶೇ. 15.77. ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ 2023ರಲ್ಲಿ ದೇಶದ ವಯಸ್ಕರಲ್ಲಿ ಮಧುಮೇಹ ಶೇ. 11.4 ಎಂದಿತು. ಸ್ವದೇಶಿ ಅರೆಗಡಸು ಸಾಧನವಾದ ಶಾ ಪ್ರಾಸ್ಥೆಸಿಸ್ ಕುರಿತು, ಬೆಂಗಳೂರಿನ ಪ್ರಮೋದ್ ಕೃಷ್ಣಪ್ಪ ಮೊದಲ ಲೇಖಕರಾಗಿರುವ ಪ್ರಬಂಧ 2021ರಲ್ಲಿ ಸೆಕ್ಷುಯಲ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಅದರ ಶೀರ್ಷಿಕೆಯೇ ಈ ಅಗ್ಗದ ಸಾಧನವನ್ನು ಅಭಿವೃದ್ಧಿಶೀಲ ದೇಶಗಳ ಪಾಲಿನ ವರವೆಂದು ಕರೆಯುತ್ತದೆ. ಆಮದು ಸಾಧನಕ್ಕೆ ಹಲವು ಲಕ್ಷ ರೂಪಾಯಿ ತೆರಬೇಕಾದಲ್ಲಿ ಇದು ಅದರ ಒಂದು ಪಾಲಿನಲ್ಲಿ ಮುಗಿಯುವುದರಿಂದ ಆ ಮಾತಿಗೆ ಆಧಾರವಿದೆ. ಬೆಲೆ ಇಳಿದಾಗ ಶಸ್ತ್ರಚಿಕಿತ್ಸೆಯ ಬಾಗಿಲು ತೆಂಗಿನ ತೋಟದವನಿಗೂ ತೆರೆಯುತ್ತದೆ. ಆದ್ದರಿಂದಲೇ, ಆ ಬಾಗಿಲಿಗೆ ಬರುವವನು ಏನನ್ನು ಸಾಕ್ಷ್ಯವಾಗಿ ಹಿಡಿದು ಬರುತ್ತಾನೆಂದು ಕೇಳುವುದು ಈಗ ಹೆಚ್ಚು ತುರ್ತಿನದಾಗಿದೆ.

ಅವನು ತರುವ ಸಾಕ್ಷ್ಯ ಸಾಮಾನ್ಯವಾಗಿ ಒಂದೇ ವಾಕ್ಯ: “ಮಾತ್ರೆ ತಗೊಂಡೆ ಸಾರ್, ಹಿಡೀಲಿಲ್ಲ.” ಮೆಟ್ಟಿಲಿನ ಕ್ರಮವನ್ನು ನಂಬಿದವರಿಗೆ ಈ ವಾಕ್ಯ ಮುಂದಿನ ಮೆಟ್ಟಿಲಿಗೆ ಪರವಾನಗಿ. ಮೆಟ್ಟಿಲನ್ನು ತೆಗೆದುಹಾಕಿದವರಿಗೆ ಇದನ್ನು ಒರೆಗೆ ಹಚ್ಚುವ ಅಗತ್ಯವೇ ಇಲ್ಲ. ಇಬ್ಬರೂ ಈ ವಾಕ್ಯವನ್ನು ಅದು ಇದ್ದ ಹಾಗೆ ಒಪ್ಪಿಕೊಳ್ಳುತ್ತಾರೆ. ನನ್ನ ತಕರಾರು ಇಬ್ಬರೊಂದಿಗೂ ಇದೆ.

ಮಾತ್ರೆ ಹಿಡಿಯುವುದೆಂದರೇನು? ಸಿಲ್ಡೆನಾಫಿಲ್ ತಾನಾಗಿ ಶಿಶ್ನವನ್ನು ನಿಮಿರಿಸುವುದಿಲ್ಲ. ಆಸೆ, ಸ್ಪರ್ಶಗಳಿಂದ ನರಗಳು ನೈಟ್ರಿಕ್ ಆಕ್ಸೈಡ್ ಬಿಟ್ಟಾಗ ಅದರ ಪರಿಣಾಮ ಬೇಗ ಕರಗದಂತೆ ತಡೆಯುವುದಷ್ಟೇ ಅದರ ಕೆಲಸ. ಕೂಟಕ್ಕೆ ಸುಮಾರು ಒಂದು ಗಂಟೆ ಮೊದಲು, ಹೊಟ್ಟೆ ಹಗುರವಾಗಿರುವಾಗ ನುಂಗಬೇಕು. ಕೊಬ್ಬಿನ ಊಟದ ಮೇಲೆ ನುಂಗಿದರೆ ಅದು ರಕ್ತ ಸೇರುವುದು ಸುಮಾರು ಒಂದು ಗಂಟೆ ತಡವಾಗುತ್ತದೆ, ಪ್ರಮಾಣವೂ ಇಳಿಯುತ್ತದೆ. 50 ಮಿಲಿಗ್ರಾಂ ಸಾಲದಿದ್ದರೆ ವೈದ್ಯರ ಸಲಹೆಯ ಮೇರೆಗೆ 100ಕ್ಕೆ ಏರಿಸಿ, ಆರೆಂಟು ಸಲವಾದರೂ ಪ್ರಯತ್ನಿಸಿದ ಮೇಲಷ್ಟೇ ಸೋಲಿನ ಮಾತು. ಇದೇ ಬಗೆಯ ಇನ್ನೊಂದು ಮಾತ್ರೆಯಾದ ಟಡಲಾಫಿಲ್‌ಗೆ ಊಟದ ಕಟ್ಟುಪಾಡಿಲ್ಲ, ಪರಿಣಾಮ 36 ಗಂಟೆಯವರೆಗೂ ಇರಬಲ್ಲದು. ಒಂದು ಹಿಡಿಯದವರು ಇನ್ನೊಂದನ್ನು ನೋಡಬಹುದು. ಟೆಸ್ಟೋಸ್ಟಿರಾನ್ ತಗ್ಗಿದ್ದರೆ ಎರಡೂ ಹಿಡಿಯದೇ ಹೋಗಬಹುದು, ಮತ್ತು ಮಧುಮೇಹಿಗಳಲ್ಲಿ ಅದು ತಗ್ಗಿರುವುದು ಅಪರೂಪವಲ್ಲ.

ಇದನ್ನು ಅರಸೀಕೆರೆಯ ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಶಾಪಿನ ಮುಂದೆ ಇಟ್ಟು ನೋಡಿ. ಕೊಬ್ಬರಿ ಮಾರಲು ಮಾರುಕಟ್ಟೆಗೆ ಬಂದವನು ಚೀಟಿಯಿಲ್ಲದೆ, ತಗ್ಗಿದ ದನಿಯಲ್ಲಿ ಒಂದೋ ಎರಡೋ ಮಾತ್ರೆ ಕೇಳುತ್ತಾನೆ. ಎಷ್ಟು ಮಿಲಿಗ್ರಾಂ ಎಂದು ಅವನೂ ಕೇಳುವುದಿಲ್ಲ, ಕೊಟ್ಟವನೂ ಹೇಳುವುದಿಲ್ಲ. ಊರಿಗೆ ಹೋಗಿ, ಬಾಡೂಟ ಮುಗಿಸಿ, ಕೆಲವೊಮ್ಮೆ ಕುಡಿದು, ನುಂಗಿ, ಈಗ ಆಗುತ್ತದೆ ಇನ್ನೊಂದು ಗಳಿಗೆಗೆ ಆಗುತ್ತದೆ ಎಂದು ಕಾಯುತ್ತಾನೆ. ಕಾಯುವ ಆತಂಕವೇ ಇದ್ದ ಆಸೆಯನ್ನೂ ಅಡಗಿಸುತ್ತದೆ. ಇನ್ನೊಬ್ಬ ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತು ನೋಡಿ ಲಾಡ್ಜಿನಲ್ಲಿ ಪುಡಿ ಕಟ್ಟಿಸಿಕೊಳ್ಳುತ್ತಾನೆ. ಗಿಡಮೂಲಿಕೆಯೆಂದು ಮಾರುವ ಇಂಥ ಸರಕಿನಲ್ಲಿ ಸಿಲ್ಡೆನಾಫಿಲ್ ಕಲಬೆರಕೆ ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ನುಂಗುವವನಿಗೆ ಅದು ಪ್ರಾಣಕ್ಕೇ ಅಪಾಯ. ಈ ಇಬ್ಬರೂ ವರ್ಷಗಳ ನಂತರ ತಜ್ಞರ ಮುಂದೆ ಹೇಳುವುದು ಅದೇ ವಾಕ್ಯವನ್ನು.

ಹಾಗಾಗಿ ನಾನು ಮುಂದಿಡುವ ಊಹೆ ಇದು: ಈ ಸೀಮೆಯಿಂದ ಇಂಪ್ಲಾಂಟ್ ಬೇಕೆಂದು ಹೊರಡುವವರಲ್ಲಿ ಕಡೆಗಣಿಸಲಾಗದಷ್ಟು ಮಂದಿಗೆ ಮಾತ್ರೆಯ ನಿಜವಾದ ಪರೀಕ್ಷೆ ನಡೆದೇ ಇಲ್ಲ. ಇದು ಅಳೆದು ಕಂಡ ಸತ್ಯವಲ್ಲ, ಸಂದರ್ಭಗಳಿಂದ ಕಟ್ಟಿದ ಅನುಮಾನ. ಮಾತ್ರೆ ಸೋತವರೆಂದು ಬಂದವರಿಗೆ ಪ್ರಮಾಣ, ಹೊತ್ತು, ಊಟ ತಿದ್ದಿಕೊಟ್ಟಾಗ ಗಣನೀಯ ಪಾಲಿಗೆ ಗುಣ ಕಂಡದ್ದನ್ನು ಹೊರದೇಶದ ಕೆಲವು ಅಧ್ಯಯನಗಳು ದಾಖಲಿಸಿವೆ. ಆದರೆ ಆ ಊರುಗಳ ರೋಗಿ, ಆ ಊರುಗಳ ಔಷಧಿ ಅಂಗಡಿ ನಮ್ಮವಲ್ಲ. ನನ್ನ ಊಹೆಗೆ ಎದುರಾಗುವ ಅಂಕಿಯೂ ಇದೆ. 1999ರಲ್ಲಿ ಜಾಮಾ ಪತ್ರಿಕೆಯಲ್ಲಿ ರೆಂಡೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಎಲ್ಲ ಸೂಚನೆಗಳೊಂದಿಗೆ ಸಿಲ್ಡೆನಾಫಿಲ್ ಪಡೆದ ಮಧುಮೇಹಿಗಳಲ್ಲಿ ನಿಮಿರುವಿಕೆ ಸುಧಾರಿಸಿತೆಂದವರು ಶೇ. 56, ಹುಸಿಮಾತ್ರೆಯ ಗುಂಪಿನಲ್ಲಿ ಶೇ. 10. ಅಂದರೆ ಸರಿಯಾಗಿ ತೆಗೆದುಕೊಂಡರೂ ಹಿಡಿಯದ ಮಧುಮೇಹಿಗಳು ಸಾಕಷ್ಟಿದ್ದಾರೆ. ರಕ್ತನಾಳ, ನರ ಎರಡೂ ಸವೆದ ಅಂಥವರಿಗೆ ಇಂಪ್ಲಾಂಟ್ ನಿಜಕ್ಕೂ ದೊಡ್ಡ ಆಸರೆ; ಅವರನ್ನು ಗೋಳಾಡಿಸುವುದು ನನ್ನ ವಾದದ ಉದ್ದೇಶವಲ್ಲ. ಆದರೆ ಯಾರು ಆ ಶೇ. 56ರಲ್ಲಿ, ಯಾರು ಉಳಿದವರಲ್ಲಿ ಎಂದು ತಿಳಿಯಲು ಪರೀಕ್ಷೆಯೊಂದೇ ದಾರಿ. ಹಿಂದಿರುಗಲಾಗದ ಶಸ್ತ್ರಚಿಕಿತ್ಸೆಗೆ ಅಷ್ಟೇ ಗಟ್ಟಿಯಾದ ಸಾಕ್ಷ್ಯ ಬೇಕು.

ಇದಕ್ಕೆ ಬರುವ ಪ್ರಬಲ ಆಕ್ಷೇಪ ಕಾಲದ್ದು. ಹತ್ತು ವರ್ಷ ಬಾಯಿಬಿಡದೆ ನರಳಿದವನನ್ನು, ಹಾಸನಕ್ಕೋ ಬೆಂಗಳೂರಿಗೋ ರೈಲು ಹತ್ತುವಷ್ಟು ಧೈರ್ಯ ಕೂಡಿಸಿಕೊಂಡವನನ್ನು ಮತ್ತೆ ಮಾತ್ರೆಯ ಮೆಟ್ಟಿಲಿಗೆ ಕಳಿಸಿದರೆ ಅವನು ಹಿಂದಿರುಗಿ ಬರುವನೇ? ಈ ಆಕ್ಷೇಪವನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಸಕ್ಕರೆ ಹತೋಟಿಗೆ ಬಾರದೆ ಈ ಶಸ್ತ್ರಚಿಕಿತ್ಸೆಗೆ ಕೈಹಾಕಲು ಬಹುಪಾಲು ತಜ್ಞರು ಹಿಂಜರಿಯುತ್ತಾರೆ. ವಿಲ್ಸನ್ ಮತ್ತು ಸಂಗಡಿಗರು 1998ರಲ್ಲಿ ಎಚ್‌ಬಿಎ1ಸಿಗೂ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಸೋಂಕಿಗೂ ಸಂಬಂಧ ಕಾಣಲಿಲ್ಲವೆಂದರೆ, ಹಬೂಸ್ ಮತ್ತು ಸಂಗಡಿಗರು 2018ರಲ್ಲಿ 8.5ರ ಗಡಿ ದಾಟಿದವರಲ್ಲಿ ಸೋಂಕು ಹೆಚ್ಚೆಂದರು. ಚರ್ಚೆ ಮುಗಿದಿಲ್ಲವಾದರೂ, ಸೋಂಕು ತಗುಲಿದ ಸಾಧನವನ್ನು ಸಾಮಾನ್ಯವಾಗಿ ತೆಗೆಯಲೇಬೇಕಾಗುವುದರಿಂದ ಎಚ್ಚರಿಕೆಯೇ ಲೇಸು. ಎಚ್‌ಬಿಎ1ಸಿ ಇಳಿದದ್ದು ಕಾಣಲು ಹೇಗೂ ಎರಡು ಮೂರು ತಿಂಗಳು ಬೇಕು. ಮಾತ್ರೆಯ ಸರಿಯಾದ ಪರೀಕ್ಷೆಗೂ ಅಷ್ಟೇ ಕಾಲ ಸಾಕು. ಎರಡನ್ನೂ ಒಟ್ಟಿಗೆ ನಡೆಸಿದರೆ ರೋಗಿ ಕಳೆದುಕೊಳ್ಳುವ ದಿನಗಳು ಹೆಚ್ಚೇನಿಲ್ಲ. ಇಂಪ್ಲಾಂಟ್ ಎಂಬ ದಾರಿ ಇದೆಯೆಂದು ಮೊದಲ ಭೇಟಿಯಲ್ಲೇ ಹೇಳಬೇಕು. ಮಾತ್ರೆ ಸೋತರೂ ಕಥೆ ಮುಗಿಯುವುದಿಲ್ಲವೆಂಬ ಭರವಸೆಯೇ ಅವನನ್ನು ಮರಳಿ ಕರೆತರುತ್ತದೆ. ಈ ಅಂಶದಲ್ಲಿ 2018ರ ಮಾರ್ಗಸೂಚಿ ಪೂರ್ತಿ ಸರಿ.

ಈ ಪರೀಕ್ಷೆ ಎಲ್ಲರಿಗೂ ಬೇಕೆಂದಲ್ಲ. ಹೃದ್ರೋಗಕ್ಕೆ ನೈಟ್ರೇಟ್ ತೆಗೆದುಕೊಳ್ಳುವವನಿಗೆ ಮಾತ್ರೆ ನಿಷಿದ್ಧ. ಇಳಿಯದ ನಿಮಿರುವಿಕೆಯಿಂದ ಅಂಗಾಂಶ ಸತ್ತವನಿಗೆ ಬೇಗ ಇಂಪ್ಲಾಂಟ್ ಮಾಡುವುದೇ ಲೇಸು, ತಡವಾದರೆ ಒಳಗೆಲ್ಲ ಗಟ್ಟಿಕಟ್ಟುತ್ತದೆ. ಶಿಶ್ನ ಡೊಂಕಾಗಿ ನಿಮಿರುವಿಕೆಯೂ ಹೋದವನದು, ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ನರ ಕತ್ತರಿಸಿಹೋದವನದು ಬೇರೆಯೇ ಲೆಕ್ಕ. ಸುಶ್ರುತ ಮರ್ಮಚ್ಛೇದವನ್ನು ಪ್ರತ್ಯೇಕಿಸಿದ್ದರ ಹಿಂದಿನ ತರ್ಕ ಇಲ್ಲೂ ನಿಲ್ಲುತ್ತದೆ.

ಹಾಸನ ಜಿಲ್ಲೆಯ ಮಟ್ಟಿಗೆ ಇನ್ನೊಂದು ಕಾರಣವೂ ಶಸ್ತ್ರಚಿಕಿತ್ಸೆಗೆ ಮುಂಚಿನ ಈ ತಡೆಯನ್ನು ಸಮರ್ಥಿಸುತ್ತದೆ. 2025ರ ಮೇ–ಜೂನ್‌ನಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಠಾತ್ ಸಾವುಗಳು ವರದಿಯಾಗಿ ಜನ ಬೆಚ್ಚಿದರು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ತನಿಖೆ ನಡೆಸಿ, ಸಾವಿನ ಪ್ರಮಾಣದಲ್ಲಿ ಅಸಹಜ ಏರಿಕೆಯಿಲ್ಲವೆಂದು ಹೇಳಿತು. ಅಸಹಜವಲ್ಲವೆಂದರೆ ನಿಶ್ಚಿಂತೆಯೆಂದು ಅರ್ಥವಲ್ಲ. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲದ್ದು, ಹೃದಯದ್ದು ಮೂರು ನಾಲ್ಕು. ಒಂದೇ ಜಿಡ್ಡು ಸಣ್ಣ ನಾಳವನ್ನು ಮೊದಲು ಕಟ್ಟುತ್ತದೆ ಎಂಬ ಸಂಶೋಧಕ ಮೊಂಟೋರ್ಸಿಯ ವಿವರಣೆಯಂತೆ, ನಿಮಿರು ದೌರ್ಬಲ್ಯ ಎದೆನೋವಿಗಿಂತ ಎರಡು ಮೂರು ವರ್ಷ ಮುಂಚೆ ಕಾಣಿಸಿಕೊಳ್ಳಬಹುದು. ನಲವತ್ತೈದರ ಮಧುಮೇಹಿಯೊಬ್ಬ ನಾಚಿಕೆ ಬಿಟ್ಟು ಇಂಪ್ಲಾಂಟಿನ ಮಾತೆತ್ತಿದ ದಿನವೇ ಅವನ ಹೃದಯವನ್ನೂ ಪರೀಕ್ಷಿಸಬೇಕು. ನೇರವಾಗಿ ಶಸ್ತ್ರಚಿಕಿತ್ಸೆಯ ಮೇಜಿಗೆ ಸಾಗಿದರೆ ಇದು ಅರಿವಳಿಕೆಗೆ ಮುಂಚಿನ ಒಂದು ಇಸಿಜಿಗೆ ಕುಗ್ಗಿಬಿಡುವ ಅಪಾಯವಿದೆ.

ಸಾಧನದ ಆಯ್ಕೆಯಲ್ಲಿ ನಮ್ಮ ಬದುಕಿನ ರೀತಿಗೂ ಮಾತಿದೆ. ಅರೆಗಡಸು ಕಡ್ಡಿ ಅಗ್ಗ, ಕೆಡುವ ಭಾಗ ಕಡಿಮೆ, ಬೆರಳಿನ ಚಳಕ ಬೇಡ. ಆದರೆ ಅದು ಎಂದೂ ಪೂರ್ತಿ ಮೆತ್ತಗಾಗುವುದಿಲ್ಲ. ಪಂಚೆಯುಟ್ಟು ತೋಟದಲ್ಲಿ ದುಡಿಯುವವನಿಗೆ, ಕೂಡುಕುಟುಂಬದಲ್ಲಿ ಇರುವವನಿಗೆ ಅದನ್ನು ಮರೆಮಾಚುವುದು ದಿನದಿನದ ಚಿಂತೆ. ಪ್ರಕಟವಾದ ಸರಣಿಗಳಲ್ಲಿ ತೃಪ್ತಿಯ ಪ್ರಮಾಣ ಶೇ. 80–90ರ ಆಸುಪಾಸು ಇರುವುದು ನಿಜ. ಅವು ಶಸ್ತ್ರಚಿಕಿತ್ಸೆಯನ್ನು ತಾವೇ ಅರಸಿ ಬಂದವರ ಉತ್ತರಗಳೆಂಬುದನ್ನು ಮರೆಯಬಾರದು. ಹೆಂಡತಿಯ ಮಾತು ಈ ಅಂಕಿಗಳಲ್ಲಿ ಹಲವೆಡೆ ತೆಳುವಾಗಿದೆ. ಮುಟ್ಟು ನಿಂತು, ಯೋನಿ ಒಣಗಿ, ವರ್ಷಗಳಿಂದ ದೂರ ಮಲಗಿದವಳಿಗೆ ಇದು ಬೇಕೇ, ಬೇಕಾದರೆ ಅವಳಿಗೂ ಯಾವ ಚಿಕಿತ್ಸೆ ಬೇಕು ಎಂದು ಅವಳನ್ನೇ, ಗಂಡ ಹೊರಗಿದ್ದಾಗ ಒಮ್ಮೆ, ಕೇಳಬೇಕು. ಇದನ್ನು ಸೌಜನ್ಯದ ಮಾತಾಗಿ ಹೇಳುತ್ತಿಲ್ಲ. ಅವಳ ಉತ್ತರವಿಲ್ಲದೆ ಶಸ್ತ್ರಚಿಕಿತ್ಸೆಯ ಫಲವನ್ನು ಅಳೆಯಲು ಬರುವುದಿಲ್ಲ.

ಮುಂದಿನ ಕೆಲಸ ದೊಡ್ಡದಲ್ಲ. ಹಾಸನದ ವೈದ್ಯಕೀಯ ಕಾಲೇಜಿನ ಮಧುಮೇಹದ ಹೊರರೋಗಿ ವಿಭಾಗದಲ್ಲಿ, ಮಾತ್ರೆ ಹಿಡಿಯಲಿಲ್ಲ ಎನ್ನುವವರನ್ನು ಯಾವ ಮಾತ್ರೆ, ಎಷ್ಟು ಪ್ರಮಾಣ, ಯಾವ ಹೊತ್ತು, ಊಟಕ್ಕೆ ಮೊದಲೋ ಆಮೇಲೋ, ಎಷ್ಟು ಸಲ ಎಂದು ಕೇಳಿ ಬರೆದಿಟ್ಟರೆ ನನ್ನ ಊಹೆ ನಿಲ್ಲುತ್ತದೋ ಬೀಳುತ್ತದೋ ತಿಳಿಯುತ್ತದೆ. ತಿದ್ದಿಕೊಟ್ಟ ಮೇಲೂ ಹಿಡಿಯದವರೇ ಬಹುಸಂಖ್ಯೆಯಲ್ಲಿದ್ದರೆ, ಈ ತಡೆಯನ್ನು ಸಡಿಲಿಸಿ ಅವರನ್ನು ಬೇಗ ಶಸ್ತ್ರಚಿಕಿತ್ಸಕರ ಬಳಿಗೆ ಕಳಿಸುವುದೇ ನ್ಯಾಯ. ಈ ಪ್ರಶ್ನೆಗಳನ್ನು ಯಾರು ಕೇಳಿದರೆ ಗಂಡಸರು ಬಾಯಿಬಿಡುತ್ತಾರೆ, ವೈದ್ಯರೋ, ಆಪ್ತಸಮಾಲೋಚಕರೋ, ಮಾತ್ರೆ ಎಣಿಸಿಕೊಡುವ ಫಾರ್ಮಸಿಸ್ಟೋ ಎಂಬುದನ್ನೂ ಆ ಅಧ್ಯಯನವೇ ಕಂಡುಕೊಳ್ಳಬೇಕಾಗುತ್ತದೆ.