ತರಂಗಂಬಾಡಿಯ ಹೊಸ ಯೆರೂಸಲೇಮ್

ತಮಿಳುನಾಡಿನ ಮಯಿಲಾಡುತುರೈಯಿಂದ ಬಸ್ಸು ಹಿಡಿದು ತರಂಗಂಬಾಡಿಗೆ ಬಂದು ಇಳಿದವರನ್ನು ಮೊದಲು ಎದುರುಗೊಳ್ಳುವುದು ಒಂದು ಬಿಳಿಯ ಹೆಬ್ಬಾಗಿಲು. ಅದರ ನೆತ್ತಿಯಲ್ಲಿ ಡೆನ್ಮಾರ್ಕಿನ ರಾಜಲಾಂಛನವೂ 1792 ಎಂಬ ಇಸವಿಯೂ ಇವೆ. ಬಾಗಿಲನ್ನು ದಾಟಿದರೆ ರಾಜರ ಬೀದಿ. ಬೀದಿ ಮುಗಿದಲ್ಲಿ ಕಡಲು. ಊರಿನ ಹೆಸರಿಗೆ ಅಲೆಗಳು ಹಾಡುವ ಠಾವು ಎಂದು ಅರ್ಥ ಹೇಳುತ್ತಾರೆ. ಡೇನರ ನಾಲಗೆಯಲ್ಲಿ ಅದು ಟ್ರಾಂಕೆಬಾರ್ ಆಯಿತು. ಇಲ್ಲಿಗೆ ಬರುವವರು ಸಾಮಾನ್ಯವಾಗಿ ಬರುವುದು ಡೇನರ ಕೋಟೆಯನ್ನು ನೋಡಲು. ನಾನು ಹೋದದ್ದೂ ಅದಕ್ಕೇ. ಆದರೆ ಮಧ್ಯಾಹ್ನದ ಬಿಸಿಲಿಗೆ ಅಂಜಿ ಬೀದಿಯ ಬದಿಯ ಚರ್ಚಿನ ನೆರಳಿಗೆ ಸರಿದವನು ಕೋಟೆಯನ್ನು ಮರೆತು ಅಲ್ಲಿಯೇ ಕುಳಿತುಬಿಟ್ಟೆ.

ಅದರ ಹೆಸರು ಹೊಸ ಯೆರೂಸಲೇಮ್ ಚರ್ಚು. ಹೆಸರು ದೊಡ್ಡದು, ಕಟ್ಟಡ ಅಷ್ಟೇನೂ ದೊಡ್ಡದಲ್ಲ. ಸುಣ್ಣ ಬಳಿದ ದಪ್ಪ ಗೋಡೆಗಳು; ಮುಖಭಾಗದಲ್ಲಿ ಡೆನ್ಮಾರ್ಕಿನ ನಾಲ್ಕನೆಯ ಫ್ರೆಡ್ರಿಕ್ ದೊರೆಯ ಕಿರೀಟ, ಅವನ ಹೆಸರಿನ ಹೆಣೆದ ಅಕ್ಷರಗಳು, 1718 ಎಂಬ ಇಸವಿ. ಒಳಗಿನ ವಿನ್ಯಾಸ ಶಿಲುಬೆಯ ಆಕಾರದ್ದು. ಈ ಶಿಲುಬೆಯ ತೋಳುಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವುಗಳ ಮಾತು ಬರುವುದುಂಟು.

ಡೇನರು ಇಲ್ಲಿಗೆ ಬಂದದ್ದು 1620ರಲ್ಲಿ, ಮೆಣಸಿನ ಆಸೆಯಿಂದ. ತಂಜಾವೂರಿನ ರಘುನಾಥ ನಾಯಕ ಅವರಿಗೆ ನೆಲ ಕೊಟ್ಟ. ಅವರು ಕೋಟೆ ಕಟ್ಟಿಕೊಂಡರು. ತಮಗಾಗಿ ಸಿಯೋನ್ ಎಂಬ ಚರ್ಚನ್ನು ಕಟ್ಟಿಕೊಂಡದ್ದು 1701ರಲ್ಲಿ. ಮಾರ್ಟಿನ್ ಲೂಥರನ ಪಂಥದವರಾದ ಅವರು ಸುತ್ತಲಿನ ತಮಿಳರ ಆತ್ಮೋದ್ಧಾರದ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ವ್ಯಾಪಾರಿಗೆ ಆತ್ಮಕ್ಕಿಂತ ಅಂಗಡಿಯ ಶಾಂತಿ ಮುಖ್ಯ.

ಆ ಶಾಂತಿ ಕೆಟ್ಟದ್ದು 1706ರ ಜುಲೈ 9ರಂದು. ಡೆನ್ಮಾರ್ಕಿನ ದೊರೆಯೇ ಕಳಿಸಿದ ಇಬ್ಬರು ಜರ್ಮನ್ ಯುವಕರು ಅಂದು ಹಡಗಿನಿಂದ ಬಂದರು: ಬಾರ್ತಲೋಮೇಯಸ್ ಸೀಗನ್‌ಬಾಲ್ಗ್, ಹೈನ್ರಿಕ್ ಪ್ಲೂಟ್ಶೌ. ಸೀಗನ್‌ಬಾಲ್ಗನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಮೈಯಲ್ಲಿ ಆರೋಗ್ಯ ಕಡಿಮೆ, ಹಟ ಹೆಚ್ಚು. ಕಂಪನಿಯ ಅಧಿಕಾರಿಗಳು ಅವರನ್ನು ಸಂತೋಷದಿಂದ ಬರಮಾಡಿಕೊಳ್ಳಲಿಲ್ಲ. ಅವನಾದರೋ ಮುದುಕ ಉಪಾಧ್ಯಾಯರೊಬ್ಬರ ಶಾಲೆಯಲ್ಲಿ ಮಕ್ಕಳ ಜೊತೆ ಕುಳಿತು, ಮರಳಿನ ಮೇಲೆ ಬೆರಳಿಟ್ಟು ತಮಿಳಿನ ಅಕ್ಷರ ತಿದ್ದಿದ. ವಿಶ್ವವಿದ್ಯಾಲಯದಲ್ಲಿ ಓದಿದವನು ಹೀಗೆ ಮತ್ತೆ ಓನಾಮಕ್ಕೆ ಕೂರುವುದು ಸಣ್ಣ ಮಾತಲ್ಲ.

ಮರುವರ್ಷ ಮೇ ತಿಂಗಳಲ್ಲಿ ಮೊದಲ ದೀಕ್ಷಾಸ್ನಾನ ನಡೆಯಿತು. ಸ್ನಾನ ಪಡೆದವರು ಯೂರೋಪಿಯನರ ಮನೆಗಳಲ್ಲಿ ದುಡಿಯುತ್ತಿದ್ದ ಗುಲಾಮರು. ಹೀಗೆ ಸಭೆ ಹುಟ್ಟಿದ್ದು ಊರಿನ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ. ಇವರಿಗಾಗಿ ಒಂದು ಸಣ್ಣ ಚರ್ಚನ್ನು ಕಟ್ಟಿ 1707ರ ಆಗಸ್ಟಿನಲ್ಲಿ ಪ್ರತಿಷ್ಠೆ ಮಾಡಿದರು. ಅದೇ ಮೊದಲ ಯೆರೂಸಲೇಮ್. ಮುಂದಿನ ವರ್ಷ ಬಡ ವಿಧವೆಯೊಬ್ಬಳ ಸಾಲದ ವ್ಯಾಜ್ಯದಲ್ಲಿ ತಲೆಹಾಕಿದ್ದಕ್ಕಾಗಿ ಸೀಗನ್‌ಬಾಲ್ಗನನ್ನು ಕೋಟೆಯ ಅಧಿಪತಿ ಹಾಸಿಯಸ್ ನಾಲ್ಕು ತಿಂಗಳು ಸೆರೆಯಲ್ಲಿಟ್ಟ. ದೊರೆಯ ಅಪ್ಪಣೆಯಿಂದ ಬಂದವನಿಗೆ ದೊರೆಯ ಕೋಟೆಯಲ್ಲೇ ಸೆರೆ!

ಅವನ ಮುದ್ರಣಾಲಯದ ಕಥೆ ಬೇರೆಯೇ ಒಂದು ಲೇಖನಕ್ಕೆ ಆಗುವಷ್ಟಿದೆ. ಜರ್ಮನಿಯ ಹಾಲೆ ಪಟ್ಟಣದಲ್ಲಿ ಎರಕ ಹೊಯ್ದು ಕಳಿಸಿದ ತಮಿಳು ಅಚ್ಚುಮೊಳೆಗಳು ಬಹಳ ದಪ್ಪವಾಗಿದ್ದು ಕಾಗದವನ್ನು ನುಂಗತೊಡಗಿದಾಗ, ಇಂಗ್ಲೆಂಡಿನಿಂದ ಬಂದ ಗಿಣ್ಣಿನ ಡಬ್ಬಿಗಳ ಸೀಸವನ್ನು ಕರಗಿಸಿ ಇಲ್ಲಿಯೇ ಸಣ್ಣ ಮೊಳೆ ಮಾಡಿಕೊಂಡರೆಂದು ಹೇಳುತ್ತಾರೆ. ಹೊಸ ಒಡಂಬಡಿಕೆ ತಮಿಳಿನಲ್ಲಿ 1714-15ರಲ್ಲಿ ಅಚ್ಚಾಗಿ ಹೊರಬಂತು. ಇದೇ ಮನುಷ್ಯ ತಮಿಳರ ದೇವತೆಗಳ ವಂಶಾವಳಿಯನ್ನು ಕುರಿತು ಒಂದು ಗ್ರಂಥವನ್ನೂ ಬರೆದು ಹಾಲೆಗೆ ಕಳಿಸಿದ. ಅಲ್ಲಿಯ ಗುರುಗಳಿಗೆ ಅದು ಹಿಡಿಸಲಿಲ್ಲ. ವಿಗ್ರಹಾರಾಧನೆಯನ್ನು ಕೀಳಲು ಕಳಿಸಿದವನು ಅದರ ವರ್ಣನೆಯನ್ನು ನಮಗೇಕೆ ಕಳಿಸಿದ ಎಂದು ಮುನಿದರು. ಪುಸ್ತಕ ಅಚ್ಚಾದದ್ದು 1867ರಲ್ಲಿ, ಮದರಾಸಿನಲ್ಲಿ.

ಸಭೆ ಬೆಳೆದು ಹಳೆಯ ಚರ್ಚು ಸಾಲದಾಯಿತು. 1717ರ ಫೆಬ್ರವರಿಯಲ್ಲಿ ಈಗಿನ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. 1718ರ ಅಕ್ಟೋಬರ್ 11ರಂದು ಪ್ರತಿಷ್ಠೆಯಾಯಿತು. ಇದು ಎಲ್ಲರಿಗೂ ಹಿತವಾಗಲಿಲ್ಲ. ಕೋಪನ್‌ಹೇಗನ್ನಿನ ಮಿಷನ್ ಮಂಡಳಿಯ ಕಾರ್ಯದರ್ಶಿ ವೆಂಟ್ ಎಂಬಾತನ ಮತವೇ ಬೇರೆ. ಯೇಸುವಿನ ಶಿಷ್ಯರು ಬರಿಗೈಯಲ್ಲಿ ಊರೂರು ಅಲೆದು ಬೋಧಿಸಿದರಲ್ಲದೆ ಕಟ್ಟಡ ಕಟ್ಟಿಸುತ್ತ ಕುಳಿತರೇ ಎಂಬುದು ಅವನ ತರ್ಕ. ಬೈಗುಳದ ಕಾಗದಗಳು ಸಮುದ್ರ ದಾಟಿ ಬಂದವು. ತರ್ಕ ಸುಳ್ಳಲ್ಲ. ಆದರೆ ಮನೆಯವರಿಂದ ಹೊರಬಿದ್ದು, ಹಳೆಯ ದೇವರ ಗುಡಿಯನ್ನೂ ಬಿಟ್ಟುಬಂದ ಬಡವರಿಗೆ ತಲೆಯ ಮೇಲೊಂದು ಸೂರು, ನಮ್ಮದು ಎನ್ನಲು ಒಂದು ಬಾಗಿಲು ಬೇಕೆಂಬುದು ಕೋಪನ್‌ಹೇಗನ್ನಿನ ಕಚೇರಿಯಲ್ಲಿ ಕುಳಿತವನಿಗೆ ಹೇಗೆ ತಿಳಿಯಬೇಕು? ಮೊದಲೇ ಕಾಯಿಲೆ ಬಿದ್ದಿದ್ದ ಸೀಗನ್‌ಬಾಲ್ಗ್ 1719ರ ಫೆಬ್ರವರಿ 23ರಂದು ತೀರಿಕೊಂಡ. ವಯಸ್ಸು ಮೂವತ್ತಾರು. ಪ್ರತಿಷ್ಠೆಯಾಗಿ ಐದು ತಿಂಗಳೂ ತುಂಬಿರಲಿಲ್ಲ. ತಾನು ಕಟ್ಟಿಸಿದ ಚರ್ಚಿನೊಳಗೇ ಅವನನ್ನು ಮಣ್ಣು ಮಾಡಿದರು. ಅವನ ಜೊತೆಗಾರ ಗ್ರುಂಡ್ಲರ್ ಮರುವರ್ಷವೇ ಅವನನ್ನು ಹಿಂಬಾಲಿಸಿದ.

ಇನ್ನು ಶಿಲುಬೆಯ ತೋಳುಗಳ ವಿಷಯ. ಸಭೆಗೆ ಸೇರಿದವರಲ್ಲಿ ವೆಳ್ಳಾಳರು ಮೊದಲಾದವರಿದ್ದರು. ಮಿಷನ್ನಿನ ದಾಖಲೆಗಳು ಅವರನ್ನು ಶೂದ್ರರೆನ್ನುತ್ತವೆ. ಊರ ಹೊರಗಿನ ಕೇರಿಯಿಂದ ಬಂದ ಪರಯರೂ ಇದ್ದರು. ಇವರು ಒಂದೇ ಸೂರಿನ ಕೆಳಗೆ ಒಂದೇ ದೇವರನ್ನು ಪ್ರಾರ್ಥಿಸಿದರು, ಆದರೆ ಕುಳಿತದ್ದು ಬೇರೆ ಬೇರೆ. ಗಂಡಸರು, ಹೆಂಗಸರು, ಮೇಲಿನವರು, ಕೆಳಗಿನವರು ಎಂದು ವಿಂಗಡಿಸಿ ಕೂರಿಸಲು ತೋಳುಗಳಿರುವ ಕಟ್ಟಡ ಬಹಳ ಅನುಕೂಲ. ಊರಿನ ಬೀದಿ ಚರ್ಚಿನ ಒಳಕ್ಕೂ ನಡೆದುಬಂತು. ಮೊದಲು ಸ್ನಾನ ಪಡೆದವರು ಗುಲಾಮರೆಂಬುದನ್ನು ನೆನೆದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ.

1733ರ ಡಿಸೆಂಬರ್ 28ರಂದು ಆರೋನ್ ಎಂಬ ವೆಳ್ಳಾಳನಿಗೆ ಪಾದ್ರಿಯ ದೀಕ್ಷೆ ಕೊಟ್ಟರು. ಭಾರತದ ಮೊದಲ ಪ್ರಾಟೆಸ್ಟೆಂಟ್ ಪಾದ್ರಿ ಅವನೇ. ಕೆಲವು ವರ್ಷಗಳ ಮೇಲೆ ಇನ್ನೊಬ್ಬನಿಗೆ ದೀಕ್ಷೆ ಕೊಡುವ ಪ್ರಸಂಗ ಬಂತು. ರಾಜನಾಯಕನ್ ಎಂಬುವನಿದ್ದ. ಹುಟ್ಟಿನಿಂದ ಪರಯ, ವೃತ್ತಿಯಿಂದ ತಂಜಾವೂರಿನ ಸೈನಿಕ. ಮೊದಲು ರೋಮನ್ ಕೆಥೊಲಿಕನಾಗಿದ್ದವನು ತರಂಗಂಬಾಡಿಯಲ್ಲಿ ಅಚ್ಚಾದ ತಮಿಳು ಸುವಾರ್ತೆಯನ್ನು ಓದಿ ಈ ಸಭೆಗೆ ಬಂದಿದ್ದ. ಉಪದೇಶಿಯಾಗಿ ಅವನ ಕೆಲಸವನ್ನು ಎಲ್ಲರೂ ಮೆಚ್ಚಿದ್ದರು. ಆದರೆ ಅವನ ಕೈಯಿಂದ ಕರ್ತನ ಭೋಜನದ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಮೇಲಿನವರು ತೆಗೆದುಕೊಳ್ಳುತ್ತಾರೆಯೇ? ತೆಗೆದುಕೊಳ್ಳಲಾರರೆಂದು ಮಿಷನರಿಗಳು ಹೆದರಿದರು. 1741ರಲ್ಲಿ ದೀಕ್ಷೆ ಸಿಕ್ಕಿದ್ದು ದಿಯೋಗೊ ಎಂಬ ಮೇಲಿನವನಿಗೆ. ರಾಜನಾಯಕನ್ 1771ರಲ್ಲಿ ಸಾಯುವವರೆಗೂ ಉಪದೇಶಿಯಾಗಿಯೇ ಉಳಿದ. ಮಿಷನರಿಗಳು ಕೆಟ್ಟವರಲ್ಲ, ಸಭೆ ಒಡೆದೀತೆಂದು ಅಂಜಿದರು. ಅಂಜಿಕೆಯ ಬೆಲೆಯನ್ನು ತೆತ್ತವನು ಮಾತ್ರ ಅವನೊಬ್ಬನೇ.

ಇಲ್ಲಿ ನಮ್ಮ ಕಡೆಯ ಸಂಬಂಧವೊಂದನ್ನು ಹೇಳಿಬಿಡುತ್ತೇನೆ. 1750ರಲ್ಲಿ ತರಂಗಂಬಾಡಿಗೆ ಬಂದಿಳಿದ ಷ್ವಾರ್ಟ್ಸ್ ಪಾದ್ರಿ ಮುಂದೆ ತಿರುಚಿರಾಪಳ್ಳಿ, ತಂಜಾವೂರುಗಳಲ್ಲಿ ಹೆಸರಾದವನು. 1779ರಲ್ಲಿ ಮದರಾಸಿನ ಇಂಗ್ಲಿಷರು ಅವನನ್ನು ಶ್ರೀರಂಗಪಟ್ಟಣಕ್ಕೆ, ಹೈದರಾಲಿಯ ಬಳಿಗೆ ರಾಯಭಾರ ಕಳಿಸಿದರು. ಹೈದರ್ ಅವನನ್ನು ಆದರಿಸಿ ದಾರಿಯ ಖರ್ಚಿಗೆಂದು ಮುನ್ನೂರು ರೂಪಾಯಿ ಕೊಟ್ಟ. ಪಾದ್ರಿ ಅದನ್ನು ತಂಜಾವೂರಿನ ಅನಾಥ ಮಕ್ಕಳ ಶಾಲೆಗೆ ಹಾಕಿದ. ಮುಂದಿನ ವರ್ಷ ಯುದ್ಧ ಹತ್ತಿಕೊಂಡಾಗಲೂ ಈ ಪಾದ್ರಿಗೆ ತೊಂದರೆ ಕೊಡಬಾರದೆಂದು ಹೈದರನ ಅಪ್ಪಣೆಯಿತ್ತು.

ಮತ್ತೆ ಚರ್ಚಿಗೆ ಬರೋಣ. 1833ರಲ್ಲಿ ಇಂಗ್ಲಿಷ್ ಚರ್ಚಿನ ಬಿಷಪ್ ವಿಲ್ಸನ್ ಸಭೆಗಳಲ್ಲಿ ಜಾತಿ ಕೂಡದೆಂದು ಕಟ್ಟಾಜ್ಞೆ ಹೊರಡಿಸಿದ. ತಂಜಾವೂರಿನಲ್ಲಿ ಕೋಲಾಹಲವಾಯಿತು. ಅಲ್ಲಿಯ ಪ್ರಸಿದ್ಧ ಕ್ರೈಸ್ತ ಕವಿ ವೇದನಾಯಕ ಶಾಸ್ತ್ರಿಗಳು ಅದಕ್ಕೂ ಮೊದಲೇ ಬೇರೆ ಬೇರೆ ಕೂರುವ ಪದ್ಧತಿಯ ಪರವಾಗಿ ವಾದಿಸಿ ಬರೆದಿದ್ದರು. ಇತ್ತ 1845ರಲ್ಲಿ ಡೇನರು ಸೆರಾಂಪುರವನ್ನೂ ಸೇರಿಸಿ ತಮ್ಮ ನೆಲವನ್ನು ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿ ಹೊರಟುಹೋದರು. ಸಭೆಯನ್ನು ಜರ್ಮನಿಯ ಲೈಪ್‌ಜಿಗ್ ಮಿಷನ್ ವಹಿಸಿಕೊಂಡಿತು. ಜಾತಿ ಲೋಕವ್ಯವಹಾರದ ಸಂಗತಿ, ಅದನ್ನು ಕಟ್ಟಳೆಯಿಂದಲ್ಲ, ಬೋಧನೆಯಿಂದ ನಿಧಾನವಾಗಿ ಕರಗಿಸಬೇಕು ಎಂಬುದು ಅವರ ನಿಲುವು. ಇಂಗ್ಲಿಷ್ ಮಿಷನ್ನುಗಳಿಂದ ಮುನಿದು ಹೊರಟ ಅನೇಕರು ಈ ಕಡೆ ಬಂದು ಸೇರಿದರು. ಈ ನಿಲುವನ್ನು ಸಮರ್ಥಿಸಿದ ಕಾರ್ಲ್ ಗ್ರೌಲ್ ತಿರುಕ್ಕುರಳನ್ನು ಜರ್ಮನ್ ಭಾಷೆಗೆ ತಂದ ವಿದ್ವಾಂಸ. ಹುಟ್ಟಿನ ವಿಷಯದಲ್ಲಿ ತಿರುವಳ್ಳುವರ್ ಏನು ಹೇಳಿದ್ದಾರೆಂಬುದು ಅವನಿಗೆ ತಿಳಿಯದೆ ಇರಲಿಲ್ಲ. ನಿಧಾನ ಎಂಬ ಮಾತು ಬೆಂಚಿನ ಮೇಲೆ ಕುಳಿತವನಿಗೆ ಸಲೀಸು. ದೂರ ಕುಳಿತವನನ್ನು ಯಾರು ಕೇಳಿದರು?

1919ರಲ್ಲಿ ತಮಿಳು ಲೂಥರನ್ ಸಭೆ ಸ್ವಂತ ಆಡಳಿತವನ್ನು ಪಡೆಯಿತು. ಅದರ ಬಿಷಪ್ಪನಿಗೆ ತರಂಗಂಬಾಡಿಯ ಬಿಷಪ್ ಎಂದೇ ಬಿರುದು, ಕಚೇರಿ ಮಾತ್ರ ತಿರುಚಿರಾಪಳ್ಳಿಯಲ್ಲಿ. ಆ ಪೀಠಕ್ಕೆ ಭಾರತೀಯರೊಬ್ಬರು, ರಾಜಾ ಮಾಣಿಕಂ ಅವರು, ಬಂದದ್ದು 1956ರಲ್ಲಿ. ಸೀಗನ್‌ಬಾಲ್ಗ್ ಬಂದ ಎರಡು ನೂರೈವತ್ತನೆಯ ವರ್ಷ ಅದು.

ಇಳಿಹೊತ್ತಿಗೆ ಕಡಲ ಕಡೆ ನಡೆದುಹೋದೆ. ದಂಡೆಯಲ್ಲಿ ಮಾಸಿಲಾಮಣಿನಾಥರ ಗುಡಿಯಿದೆ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಪಾಂಡ್ಯರ ಕುಲಶೇಖರ ಕಟ್ಟಿಸಿದ್ದು; ಅದರ ಮುಂಭಾಗವನ್ನು ಅಲೆಗಳು ಕೊರೆದು ಒಯ್ದಿವೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಇಲ್ಲಿಯ ಮೀನುಗಾರರ ಕೇರಿಯಲ್ಲಿ ಅನೇಕರು ಸತ್ತರು.

ಹಿಂದಿರುಗುವಾಗ ಚರ್ಚಿನ ಬಾಗಿಲು ಇನ್ನೂ ತೆರೆದಿತ್ತು. ಕಾವಲಿನ ಮುದುಕರು ಕಸ ಗುಡಿಸುತ್ತಿದ್ದರು. ನನ್ನ ಹರಕುಮುರುಕು ತಮಿಳಿನಲ್ಲಿ, ಹಿಂದಿನ ಕಾಲದಲ್ಲಿ ಯಾವ ಕಡೆ ಯಾರು ಕೂರುತ್ತಿದ್ದರು, ಅಯ್ಯಾ, ಎಂದು ಕೇಳಿದೆ. ಅವರು ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನನ್ನು ಒಂದು ಗಳಿಗೆ ನೋಡಿದರು. "ನೀವು ಯಾವ ಊರು?" ಎಂದರು. ಬೆಂಗಳೂರು ಎಂದೆ. "ಈಗ ಎಲ್ಲಿ ಬೇಕಾದರೂ ಕೂರಬಹುದು," ಎಂದು ಹೇಳಿ, ಸ್ವಲ್ಪ ತಡೆದು, "ನಮ್ಮ ತಾತ ಮಾತ್ರ ಕೊನೆಯವರೆಗೂ ಆ ಕಂಬದ ಹಿಂದೆಯೇ ಕೂರುತ್ತಿದ್ದರು," ಎಂದರು. ಮತ್ತೆ ಪೊರಕೆ ಎತ್ತಿಕೊಂಡರು.